ಮಗ್ಗದ ಸದ್ದು ನಿಂತಾಗ

ನಮ್ಮ 13 ನಿಮಿಷದ ದೆವ್ವದ ಸಿನಿಮಾದಲ್ಲಿ ಈಗ ದೆವ್ವವೇ ಕಾಣಿಸುವುದಿಲ್ಲ. ಮೊದಲು ಕಾಣಿಸುತ್ತಿತ್ತು.

ಗದಗಕ್ಕೆ ಅಂಟಿಕೊಂಡಿರುವ ನೇಕಾರರ ಊರು ಬೆಟಗೇರಿಯ ಒಂದು ಹಳೇ ಮನೆಯಲ್ಲಿ ಮೂರು ರಾತ್ರಿ ಶೂಟ್ ಮಾಡಿದೆವು. ಕಥೆ ಇಷ್ಟೇ. ನೇಯುತ್ತಿದ್ದ ಅಜ್ಜ ತೀರಿಹೋಗಿದ್ದಾನೆ. ಮಗ್ಗದ ಕೋಣೆಗೆ ಕೀಲಿ ಬಿದ್ದಿದೆ. ಆದರೂ ರಾತ್ರಿ ಒಳಗೆ ಮಗ್ಗದ ನೂಲು ಹೊತ್ತ ಲಾಳಿ ಓಡುತ್ತದೆ. ಯಾರಾದರೂ ‘ಅಜ್ಜಾ’ ಅಂತ ಕೂಗಿದರೆ ನಿಲ್ಲುತ್ತದೆ.

ಕೊನೆಗೆ ಬಿಳಿ ಸೀರೆಯ ಹೆಂಗಸು, ಕಪ್ಪು ಬಳಿದ ಕಣ್ಣು, ಕಿರುಚುವ ಪಿಟೀಲು ಎಲ್ಲಾ ಇಟ್ಟಿದ್ದೆ. ಗೆಳೆಯನ ಮನೆಯ ಪಡಸಾಲೆಯಲ್ಲಿ ತೋರಿಸಿದೆ. ದೆವ್ವ ಬಂದ ಕೂಡಲೇ ಒಬ್ಬ ಮೊಬೈಲ್ ತೆಗೆದ. ನನಗೆ ತುಂಬಾ ಬೇಜಾರಾಯಿತು. ಎಲ್ಲಿ ಹೆದರಿಕೆ ಆಯಿತು ಅಂತ ಕೇಳಿದರೆ, ‘ಸದ್ದು ನಿಂತಿತಲ್ಲ, ಅಲ್ಲಿ’ ಅಂದರು. ಅವತ್ತು ರಾತ್ರಿಯೇ ಆ ಹೆಂಗಸಿನ 40 ಸೆಕೆಂಡು ತೆಗೆದುಹಾಕಿದೆ.

ಬೆಟಗೇರಿಯಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತದೆ. ಪಕ್ಕದ ಮನೆಯ ಮಗ್ಗದ ಖಟ್ ಖಟ್ ದಿನವಿಡೀ ಇದ್ದರೆ ಕಿವಿಗೆ ಬೀಳುವುದೇ ಇಲ್ಲ. ನಿಂತಾಗಲೇ ತಲೆ ಎತ್ತುವುದು. ಹಾಗಾಗಿ ಮೊದಲ ಎರಡು ನಿಮಿಷ ಹಗಲು ಹೊತ್ತಿನ ಮಗ್ಗದ ಸದ್ದನ್ನೇ ಹರಿಯಬಿಟ್ಟೆ. ಅಜ್ಜಿ ರೊಟ್ಟಿ ಬಡಿಯುತ್ತಾಳೆ, ಮೊಮ್ಮಗಳು ಅಭ್ಯಾಸ ಮಾಡುತ್ತಾಳೆ. ನೋಡುವವರ ಕಿವಿ ಅದಕ್ಕೆ ಒಗ್ಗಿಹೋಗಬೇಕು, ಅಲ್ವಾ?

ಸದ್ದು ನಿಂತ ಮೇಲೆ ಏನೂ ಇಡದೆ ಖಾಲಿ ಬಿಟ್ಟಿದ್ದೆ. ಸ್ಪೀಕರ್ ಕೆಟ್ಟಂತೆ ಅನಿಸಿತು. ಮತ್ತೆ ಆ ಕೋಣೆಗೇ ಹೋಗಿ, ಎಲ್ಲರೂ ಅಲುಗಾಡದೆ ನಿಂತು, ಖಾಲಿ ಕೋಣೆಯ ಸದ್ದನ್ನು ಐದು ನಿಮಿಷ ರೆಕಾರ್ಡ್ ಮಾಡಿಕೊಂಡೆವು. ಅದರ ನಡುವೆ ಒಂದು ಹಲ್ಲಿ ಲೊಚಗುಟ್ಟಿತು. ಅದನ್ನು ಜೋಪಾನವಾಗಿ ಇಟ್ಟುಕೊಂಡೆ.

ಅಲ್ಲಿದ್ದದ್ದು ಕುಣಿ ಮಗ್ಗ. ನೇಯುವವರು ನೆಲಕ್ಕೆ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಡುತ್ತಾರೆ. ಕ್ಯಾಮೆರಾವನ್ನು ನೆಲಕ್ಕೇ ಇಟ್ಟೆ. ಫ್ರೇಮಿನ ಕೆಳ ಅಂಚಿನಲ್ಲಿ ಕುಣಿಯ ಬಾಯಿ ಕಾಣುತ್ತದೆ, ತಳ ಕಾಣುವುದಿಲ್ಲ. ಮೇಲೆ ಲಾಳಿ ಸುಮ್ನೆ ಬಿದ್ದಿದೆ, ನೂಲಿನ ತುದಿ ಮಾತ್ರ ಸ್ವಲ್ಪ ಅಲುಗುತ್ತಿದೆ. ಈ ಶಾಟ್ 22 ಸೆಕೆಂಡು ಇದೆ. ಕತ್ತರಿಸು ಅಂತ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ.

ಕತ್ತಲೆ ತೋರಿಸಲೂ ಬೆಳಕು ಬೇಕು. ಮೊದಲ ರಾತ್ರಿ ದೀಪ ಕಡಿಮೆ ಮಾಡಿ ತೆಗೆದದ್ದು ಬರೀ ಕಾಳುಕಾಳಾಗಿ ಬಂತು. ಆಮೇಲೆ ಕಿಟಕಿಯ ಹೊರಗೆ ಜಾಸ್ತಿ ಬೆಳಕಿಟ್ಟು, ಎಡಿಟಿಂಗಿನಲ್ಲಿ ಕಪ್ಪು ಮಾಡಿದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಕ್ಯಾಮೆರಾದ ಶಟರ್ 1/50 ಸೆಕೆಂಡಿಗೆ ಇಟ್ಟರೆ ಚಿತ್ರದಲ್ಲಿ ಬಲ್ಬು ಮಿಣುಕುವುದಿಲ್ಲ.

ಇನ್ನು ಆ ಹಲ್ಲಿ. ಕೀಲಿ ಹಾಕಿದ ಬಾಗಿಲ ಮುಂದೆ ಮೊಮ್ಮಗಳು, ‘ಅಜ್ಜ ಇನ್ನೂ ಒಳಗ ಅದಾನ’ ಅನ್ನುತ್ತಾಳೆ. ಆ ಮಾತಿನ ಹಿಂದೆಯೇ ಅದನ್ನು ಜೋಡಿಸಿದೆ. ಹಲ್ಲಿ ನುಡಿದರೆ ಆಡಿದ ಮಾತು ಸತ್ಯ ಅಂತ ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಗದಗದಲ್ಲಿ ಐವತ್ತು ಜನರ ಮುಂದೆ ಹೊಸ ಆವೃತ್ತಿ ತೋರಿಸಿದಾಗ ನಾನು ಪರದೆ ನೋಡಲಿಲ್ಲ, ಜನರನ್ನೇ ನೋಡುತ್ತಿದ್ದೆ. ಹಲ್ಲಿ ನುಡಿಯಿತು. ಎರಡನೇ ಸಾಲಿನ ಅಜ್ಜಿಯೊಬ್ಬರು ಪರದೆಯಿಂದ ಕಣ್ಣು ತೆಗೆಯದೆ, ಕುರ್ಚಿಯ ಕೈಯನ್ನು ಬೆರಳಿನಿಂದ ಮೂರು ಸಲ ತಟ್ಟಿ, ‘ಕೃಷ್ಣ ಕೃಷ್ಣ’ ಅಂದರು.