ಓಎಚ್‌ವಿ ಅನುದಾನ: ನಮ್ಮ ಸಣ್ಣ ಕ್ಲಬ್ಬಿಗೆ ದಕ್ಕಿದ ಬಗೆ

ರಸ್ತೆ ಬಿಟ್ಟು ಮಣ್ಣುಹಾದಿಯಲ್ಲಿ ಓಡುವ ವಾಹನಗಳ (ಓಎಚ್‌ವಿ) ಹಾದಿಗಳಿಗಾಗಿ ಕ್ಯಾಲಿಫೋರ್ನಿಯಾದ ಉದ್ಯಾನ ಇಲಾಖೆ, ಅಂದರೆ ಸ್ಟೇಟ್ ಪಾರ್ಕ್ಸ್, ಕೊಡುವ ಅನುದಾನವೆಲ್ಲ ಕೌಂಟಿಗಳಿಗೆ, ಶೆರಿಫ್ ಕಚೇರಿಗಳಿಗೆ, ಅರಣ್ಯ ಸೇವೆಯ ವಲಯಗಳಿಗೆ ಹೋಗುತ್ತದಂತೆ. ಸಂಬಳದ ನೌಕರ ಒಬ್ಬನೂ ಇಲ್ಲದ ಡರ್ಟ್ ಬೈಕ್ ಕ್ಲಬ್ಬು ಅದಕ್ಕೆ ಆಸೆ ಪಡಬಾರದು ಎಂದು ನಮಗೆ ಬುದ್ಧಿ ಹೇಳದವರೇ ಕಡಿಮೆ. ಹಾಗೆ ಹೇಳಿದವರಲ್ಲಿ ಕೆಲವರು ಈಗ ನಮ್ಮ ಅರ್ಜಿಯ ಪ್ರತಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ವಿವರಿಸುವುದಕ್ಕಿಂತ ಬರೆದುಬಿಡುವುದು ಮೇಲು. ಗ್ರೀನ್ ಸ್ಟಿಕರ್ (ಇಂಥ ವಾಹನಗಳ ನೋಂದಣಿ ಚೀಟಿ) ಏನು, ಓಲ್ಗಾದಲ್ಲಿ (ಅನುದಾನದ ಆನ್‌ಲೈನ್ ಅರ್ಜಿಯ ತಾಣ) ಖಾತೆ ತೆರೆಯುವುದು ಹೇಗೆ ಎಂಬುದೆಲ್ಲ ಬೇರೆ ಕ್ಲಬ್ಬುಗಳವರಾದ ನಿಮಗೆ ಗೊತ್ತಿರುವುದೇ.

ಮೊದಲ ಸಲ ನಾವು ಕೇಳಿದ್ದು ಸುಮಾರು ಎಂಬತ್ತು ಸಾವಿರ ಡಾಲರ್. ಹಾದಿಯ ರಿಪೇರಿ, ಫಲಕ, ಬಾಡಿಗೆಗೆ ಒಂದು ಟ್ರೇಲ್ ಡೋಜರ್, ಅಂದರೆ ಹಾದಿ ಸಮ ಮಾಡುವ ಪುಟ್ಟ ಬುಲ್‌ಡೋಜರ್. ಅರ್ಜಿಯ ತುಂಬ ಸೊಗಸಾದ ಗದ್ಯ: ಕುಟುಂಬದ ಒಗ್ಗಟ್ಟು, ಮಕ್ಕಳನ್ನು ಮೊಬೈಲಿನಿಂದ ಬಿಡಿಸುವುದು, ಕಾಡಿನ ಪ್ರೀತಿ. ಅಂಕ ಹಾಕುವವರಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಅಲ್ಲಿ ಇರುವುದು ಪ್ರಶ್ನೆ, ಅದರ ಪಕ್ಕದಲ್ಲಿ ಚೌಕ, ಚೌಕದ ಪಕ್ಕದಲ್ಲಿ ಅಂಕ. ಗುರುತು ಹಾಕಿ ಅದಕ್ಕೆ ತಕ್ಕ ಆಧಾರವನ್ನು ಎರಡು ಸಾಲಿನಲ್ಲಿ ಕೊಟ್ಟರೆ ಅಂಕ ಬರುತ್ತದೆ, ಇಲ್ಲದಿದ್ದರೆ ಸೊನ್ನೆ. ನಮಗೆ ಬಂದ ಅಂಕ ಹೇಳಿಕೊಳ್ಳುವ ಹಾಗಿರಲಿಲ್ಲ.

ಮರುವರ್ಷ ಗದ್ಯವನ್ನೆಲ್ಲ ಕಿತ್ತುಹಾಕಿದೆವು. ಆ ಸಲ ಮುಳುಗಿಸಿದ್ದು ಪರಿಸರದ ಕಾಗದ. ನಮ್ಮ ಹಾದಿ ಇರುವುದು ಕೇಂದ್ರ ಸರ್ಕಾರದ ಜಾಗದಲ್ಲಿ. ನೆಲದ ಒಡೆತನ ಇರುವವರ ಲಿಖಿತ ಒಪ್ಪಿಗೆ ಬೇಕು, ನೆಪಾ ಎಂಬ ಕೇಂದ್ರದ ಪರಿಸರ ಕಾನೂನಿನ ಪ್ರಕಾರ ಪರಿಶೀಲನೆಯೂ ಮುಗಿದಿರಬೇಕು. ಗಿಡಗಳ ಸಮೀಕ್ಷೆಯನ್ನು ಹೂ ಬಿಡುವ ಕಾಲದಲ್ಲೇ ಮಾಡಬೇಕಂತೆ. ಹೂ ಬಿಡುವ ಹೊತ್ತಿಗೆ ಸಸ್ಯತಜ್ಞರಿಗೆ ವರ್ಗವಾಗಿತ್ತು, ಅವರ ಜಾಗಕ್ಕೆ ಬಂದವರು ಕಾಡ್ಗಿಚ್ಚಿನ ಕೆಲಸಕ್ಕೆ ಹೋಗಿದ್ದರು. ಆ ಕಚೇರಿಯ ಹೆಸರು ಬೇಡ. ಒಂದು ವರ್ಷ ಹೋಯಿತು, ಜೊತೆಗೆ ಸಲಹೆಗಾರರೊಬ್ಬರಿಗೆ ಕೊಟ್ಟ ಎರಡೂವರೆ ಸಾವಿರ ಡಾಲರೂ ಹೋಯಿತು. ಕ್ಲಬ್ಬಿನ ಖಾತೆಯಲ್ಲಿ ಆಗ ಇದ್ದದ್ದೇ ಒಂಬತ್ತು ಸಾವಿರದ ಆಸುಪಾಸು.

ಲೆಕ್ಕ ತಿರುಗಿದ್ದು ಇಲ್ಲಿಂದ ಮುಂದೆ. ಅನುದಾನದ ಹಣದಲ್ಲಿ ಅರ್ಧ ನಿರ್ವಹಣೆಗೆ, ಕಾಲು ಭಾಗ ಪುನಶ್ಚೇತನಕ್ಕೆ, ಶೇ 20 ಪೊಲೀಸ್ ಕೆಲಸಕ್ಕೆ, ಉಳಿದ ಶೇ 5 ಶಿಕ್ಷಣ ಮತ್ತು ಸುರಕ್ಷತೆಗೆ. ಕ್ಲಬ್ಬುಗಳೆಲ್ಲ ಮುಗಿಬೀಳುವುದು ಮೊದಲನೆಯದಕ್ಕೆ ಅಥವಾ ಕೊನೆಯದಕ್ಕೆ. ಪುನಶ್ಚೇತನ ಎಂದರೆ ವಾಹನ ಓಡಾಡಿ ಹಾಳಾದ ನೆಲವನ್ನು ಮೊದಲಿನಂತೆ ಮಾಡುವುದು, ಬಿಚ್ಚಿ ಹೇಳುವುದಾದರೆ ಹಾದಿ ಮುಚ್ಚುವುದು. ಅದರ ಮಾತೆತ್ತಿದ್ದೇ ತಡ, ಕ್ಲಬ್ಬಿನ ಸಭೆಯಲ್ಲಿ ನನ್ನನ್ನು ಹರಿದು ತಿನ್ನುವುದೊಂದು ಬಾಕಿ. ‘ನಾವು ಕಟ್ಟುವ ತೆರಿಗೆಯಲ್ಲಿ ನಮ್ಮದೇ ಹಾದಿ ಮುಚ್ಚಬೇಕೇ?’ ಎಂದು ಹಿರಿಯ ಸವಾರರೊಬ್ಬರು ಎದ್ದೇ ಹೋದರು. ನಾನು ಮುಚ್ಚಲು ಹೊರಟಿದ್ದು ನಕ್ಷೆಯಲ್ಲಿರುವ ಹಾದಿಯನ್ನಲ್ಲ. ಏರು ಹತ್ತಲಾಗದವರು ಪಕ್ಕದಲ್ಲಿ ಉತ್ತುಕೊಂಡು ಹೋಗಿ ಮಾಡಿದ ಕಳ್ಳದಾರಿಗಳನ್ನು. ಅವುಗಳ ಮಣ್ಣು ತೊರೆಗೆ ಇಳಿಯುತ್ತಿತ್ತು; ಇವತ್ತಲ್ಲ ನಾಳೆ ಅದನ್ನೇ ತೋರಿಸಿ ಇಡೀ ಹಾದಿಗೆ ಬೀಗ ಹಾಕುತ್ತಿದ್ದರು. ಸಿಯೆರಾ ನೆವಾಡಾ ಬೆಟ್ಟಗಳ ಹೆಸರಾಂತ ಜೀಪು ಹಾದಿ ರೂಬಿಕಾನ್‌ನ ವಿಚಾರದಲ್ಲಿ 2009ರಲ್ಲಿ ಪ್ರಾದೇಶಿಕ ಜಲ ಗುಣಮಟ್ಟ ಮಂಡಳಿ ಎಲ್ ಡೊರಾಡೊ ಕೌಂಟಿಗೂ ಅರಣ್ಯ ಸೇವೆಗೂ ಆದೇಶ ಕೊಟ್ಟಿದ್ದನ್ನು ನೆನಪಿಸಿಕೊಳ್ಳಿ. ಅಲ್ಲಿ ತಕರಾರು ಸದ್ದಿನದಲ್ಲ. ನೀರು ಸೇರುವ ಮಣ್ಣಿನದು, ಎಣ್ಣೆಯದು, ಮಲದ್ದು.

ಇನ್ನು ದುಡ್ಡಿನ ಕಡೆ ನೋಡಿ. ನಿರ್ವಹಣೆಗೆ ಒಟ್ಟು ಖರ್ಚಿನ ಕಾಲು ಭಾಗದಷ್ಟು ನಮ್ಮ ಪಾಲು ಇರಬೇಕು, ಪುನಶ್ಚೇತನಕ್ಕೆ ಹತ್ತರಲ್ಲಿ ಒಂದು ಪಾಲು ಸಾಕು. ಅರವತ್ತು ಸಾವಿರದ ನಿರ್ವಹಣಾ ಅನುದಾನಕ್ಕೆ ಇಪ್ಪತ್ತು ಸಾವಿರ (ಒಟ್ಟು ಎಂಬತ್ತರ ಕಾಲು) ತೋರಿಸಬೇಕು. ನಗದಿನ ಬದಲು ಸ್ವಯಂಸೇವಕರ ದುಡಿಮೆಯನ್ನೇ ಪಾಲಾಗಿ ತೋರಿಸಬಹುದು; ಗಂಟೆಗೆ ಮೂವತ್ತಮೂರು ಡಾಲರ್ ಹಿಡಿದರೆ ಸುಮಾರು ಆರುನೂರು ಗಂಟೆ. ನಲವತ್ತು ಸಾವಿರದ ಪುನಶ್ಚೇತನಕ್ಕೆ ನಾಲ್ಕೂವರೆ ಸಾವಿರ ಸಾಕು. ಹದಿನೈದು ಮಂದಿ ಒಂದು ಶನಿವಾರ, ಒಂದು ಭಾನುವಾರ ಗುದ್ದಲಿ ಹಿಡಿದರೆ ಬಹುಪಾಲು ಅಲ್ಲೇ ಮುಗಿಯಿತು. ನಾವು ಕೇಳಿದ್ದು ನಲವತ್ತರ ಸುತ್ತ. ಸಿಕ್ಕಿದ್ದು ಅದಕ್ಕಿಂತ ಸ್ವಲ್ಪ ಕಡಿಮೆ, ಆದರೆ ಸಿಕ್ಕಿತು.

ಒಂದು ಎಚ್ಚರ. ಒಪ್ಪಂದದ ಅವಧಿಯೊಳಗೆ ನಡೆದ ಕೆಲಸ ಮಾತ್ರ ಪಾಲಿನ ಲೆಕ್ಕಕ್ಕೆ. ಹಿಂದಿನ ಹತ್ತು ವರ್ಷ ನೀವು ಬೆವರು ಸುರಿಸಿದ್ದಕ್ಕೆ ಕವಡೆಯ ಬೆಲೆಯೂ ಇಲ್ಲ. ಆದರೂ ಹಳೆಯ ಹಾಜರಿ ಪಟ್ಟಿಗಳನ್ನು ಎಸೆಯಬೇಡಿ, ‘ಇವರು ಹೇಳಿದಷ್ಟು ಜನ ತರಬಲ್ಲರು’ ಎಂಬುದಕ್ಕೆ ಅವೇ ಸಾಕ್ಷಿ. ಹೆಸರು, ಬಂದ ಹೊತ್ತು, ಹೊರಟ ಹೊತ್ತು, ಮಾಡಿದ ಕೆಲಸ, ಸಹಿ. ನಮ್ಮ ಖಜಾಂಚಿ ಪಟ್ಟಿಯನ್ನು ಊಟದ ಐಸ್ ಪೆಟ್ಟಿಗೆಯ ಮುಚ್ಚಳಕ್ಕೇ ಅಂಟಿಸಿಬಿಟ್ಟರು. ಸಹಿ ಇಲ್ಲದವರಿಗೆ ಸ್ಯಾಂಡ್‌ವಿಚ್ ಇಲ್ಲ. ಅನುದಾನದ ನಿಯಮ ಪುಸ್ತಕಕ್ಕಿಂತ ಆ ಮುಚ್ಚಳ ಹೆಚ್ಚು ಕೆಲಸ ಮಾಡಿದೆ. ಚೈನ್‌ಸಾ ಹಿಡಿಯುವವರ ಪ್ರಮಾಣಪತ್ರ, ಪ್ರಥಮ ಚಿಕಿತ್ಸೆಯ ಕಾರ್ಡು ಇವುಗಳ ಅವಧಿಯನ್ನೂ ಅವರೇ ಬರೆದಿಟ್ಟಿರುತ್ತಾರೆ.

ಹಣ ಬರುವುದು ಮರುಪಾವತಿಯಾಗಿ. ಮೊದಲು ಗುತ್ತಿಗೆದಾರನಿಗೆ ನೀವು ಕೊಡಬೇಕು, ಆಮೇಲೆ ರಸೀದಿ ಇಟ್ಟು ಕೇಳಬೇಕು. ಒಂದು ಹಂತದಲ್ಲಿ ಹದಿನಾಲ್ಕು ಸಾವಿರದಷ್ಟು ನಮ್ಮ ಕೈಯಿಂದ ಹೋಗಿತ್ತು. ಅದರಲ್ಲಿ ಐದು ಸಾವಿರ ನನ್ನ ಸ್ವಂತ ಕಾರ್ಡಿನದು. ಮನೆಯಲ್ಲಿ ಅದಕ್ಕೆ ಸಿಕ್ಕ ಮಂಗಳಾರತಿ ಬೇರೆ. ಕೆಲಸವನ್ನು ಚಿಕ್ಕ ಚಿಕ್ಕ ಕಂತಾಗಿ ಒಡೆದು ಪ್ರತಿ ಕಂತಿಗೂ ಬೇಡಿಕೆ ಸಲ್ಲಿಸುವುದು ಆಮೇಲೆ ಕಲಿತ ವಿದ್ಯೆ.

ಕೆಲಸದಲ್ಲಿ ನನಗೆ ಹೆಮ್ಮೆ ಇರುವುದು ಒಂದರ ಬಗ್ಗೆ. ಕಳ್ಳದಾರಿಯ ಬಾಯಿಗೆ ಬೇಲಿ ಹಾಕಿದರೆ ಮುರಿಯುತ್ತಾರೆ, ಫಲಕ ನೆಟ್ಟರೆ ಅದಕ್ಕೇ ಗುದ್ದುತ್ತಾರೆ. ನಾವು ನೆಲವನ್ನು ಅಗೆದು ಸಡಿಲಿಸಿ, ಮ್ಯಾಂಜನೀಟಾ ಎಂಬ ಇಲ್ಲಿನ ಕುರುಚಲು ಪೊದೆಯ ಸತ್ತ ಕೊಂಬೆಗಳನ್ನು ಮೊಣಕಾಲುದ್ದದ ಗುಂಡಿಗಳಲ್ಲಿ ನೆಟ್ಟಗೆ ಹೂತೆವು, ಬುಡಕ್ಕೆ ತರಗು ಸುರಿದೆವು. ಬೈಕಿನ ಮೇಲೆ ಕುಳಿತವನ ಕಣ್ಣು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಮಾತ್ರ, ಅದರಾಚೆ ಖರ್ಚು ದಂಡ. ಎದ್ದು ಹೋಗಿದ್ದ ಆ ಹಿರಿಯರೇ ಒಮ್ಮೆ ಬಂದು ಆ ತಿರುವು ಎಲ್ಲಿತ್ತೆಂದು ನನ್ನನ್ನು ಕೇಳಿದರು.

ಅಳತೆಗೆ ದುಬಾರಿ ಸಲಕರಣೆ ಬೇಡ. ಹಾದಿಯ ಎರಡೂ ಅಂಚಿಗೆ ಒಂದೊಂದು ಕಬ್ಬಿಣದ ಸರಳು ಹೊಡೆದು, ನಡುವೆ ದಾರವನ್ನು ಮಟ್ಟಸವಾಗಿ ಬಿಗಿದು, ಅಡಿಗೊಮ್ಮೆ ದಾರದಿಂದ ನೆಲಕ್ಕೆ ಟೇಪು ಇಳಿಸಿ ಬರೆದುಕೊಳ್ಳುವುದು. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ. ಇಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ; ಒಂದು ಕಡೆ ಅಂಥ ಚಳಿಗಾಲವೊಂದರಲ್ಲೇ ಮೂರೋ ನಾಲ್ಕೋ ಇಂಚು ಮಣ್ಣು ಹೋಗಿತ್ತು. ಆ ಕೋಷ್ಟಕ ಅರ್ಜಿಗೆ ಸೇರಿದ ಮೇಲೆ ಮಣ್ಣಿನ ಪ್ರಶ್ನೆಗಳಿಗೆ ನಮ್ಮ ಉತ್ತರ ಗಟ್ಟಿಯಾಯಿತು. ಕೊಪ್ಪದ ಕಡೆಯ ತೋಟದಲ್ಲಿ ಮೃಗಶಿರಾ ಮಳೆ ಹಿಡಿಯುವ ಮೊದಲು ಬಸಿಗಾಲುವೆ ಕೆತ್ತಿಸುವುದನ್ನು ನೋಡಿ ಬೆಳೆದವನಿಗೆ ನೀರು ಎಲ್ಲಿ ತಿರುಗಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬವೂ ನನಗಿದೆ.

ಇದರ ನಡುವೆ ಹಳೆಯ ಕನ್ವೇಯರ್ ಬೆಲ್ಟಿನ ರಬ್ಬರ್ ಪಟ್ಟಿಯನ್ನು ಹಾದಿಗೆ ಓರೆಯಾಗಿ ಹೂತು ನೀರು ತಿರುಗಿಸಿ ನೋಡಿದೆವು. ಚಕ್ರ ಹಾದಾಗ ಬಾಗುತ್ತದೆ, ಮತ್ತೆ ಏಳುತ್ತದೆ. ಕಡಿಮೆ ಇಳಿಜಾರಿನಲ್ಲಿ ಚೆನ್ನ. ಕಡಿದಾದ ಕಡೆ ಒಂದೇ ಮಳೆಗೆ ಹಿಂದೆ ಹೂಳು ತುಂಬಿ ನೀರು ಮೇಲೇ ಹರಿಯಿತು. ಸವಾರರನ್ನು ಎಣಿಸಲು ಮರಕ್ಕೆ ಕಟ್ಟಿದ ಕ್ಯಾಮೆರಾ ಕಳುವಾಯಿತು. ಅದರ ನೂರಿಪ್ಪತ್ತು ಡಾಲರ್ ಯಾವ ವಿಭಾಗದಲ್ಲೂ ಮರುಪಾವತಿ ಆಗಲಿಲ್ಲ.

ಮಾರ್ಚಿನ ಪ್ರಾಥಮಿಕ ಅರ್ಜಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ಅದನ್ನು ಶತ್ರುಗಳ ಕಾಲ ಎಂದು ಹೆದರುವವರೇ ಹೆಚ್ಚು. ನಮಗೆ ಅಲ್ಲಿ ಸಿಕ್ಕಿದ್ದು ಪುಕ್ಕಟೆ ತಿದ್ದುಪಡಿ: ಅನುದಾನ ಕೊಡಲಾಗದ ಬಾಬತ್ತುಗಳನ್ನು ಅಭಿಪ್ರಾಯ ಬರೆದವರೇ ತೋರಿಸಿಕೊಟ್ಟರು, ಅಂತಿಮ ಅರ್ಜಿಯಲ್ಲಿ ಸರಿಮಾಡಿದೆವು. ಆ ಹೊತ್ತಿನಲ್ಲಿ ಯಾರಿಂದ ಬೆಂಬಲದ ಪತ್ರ ಬರೆಸಿದೆವು, ಅದರಲ್ಲಿ ಏನಿತ್ತು ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ನೀವೂ ಅದೇ ಗಂಟಿಗೆ ಕೈ ಹಾಕುವವರು. ಬರುವ ಸಲ ನಿರ್ವಹಣೆಗೇ ಅರ್ಜಿ ಹಾಕುತ್ತಿದ್ದೇವೆ, ಐವತ್ತೈದು ಸಾವಿರಕ್ಕೆ. ಸಸ್ಯ ಸಮೀಕ್ಷೆ ಈ ಸಲ ಹೂವಿನ ಕಾಲದಲ್ಲೇ ಮುಗಿದು ವರದಿ ಕೈಯಲ್ಲಿದೆ. ಹಾಜರಿ ಪಟ್ಟಿಯ ಮಾದರಿ ಬೇಕಾದವರು ಕೇಳಿ, ಕಳುಹಿಸುತ್ತೇನೆ.