ಸಾಕವ್ವನ ಮನೆ ಹೊಕ್ಕ ಬಿ.ಎಡ್. ತರಗತಿ

ಬಿ.ಎಡ್. ಎರಡು ವರ್ಷದ್ದಾದ ಮೇಲೆ ‘ಪಠ್ಯಗಳ ಓದು ಮತ್ತು ಮನನ’ ಎಂಬ ಭಾಗ ಪಠ್ಯಕ್ರಮಕ್ಕೆ ಬಂತು. ಅದನ್ನು ರೆಕಾರ್ಡ್ ಪುಸ್ತಕ ತುಂಬಿಸುವುದಕ್ಕೇ ಮುಗಿಸಿಬಿಡಬಹುದು. ನಾನು ಆ ಅವಧಿಗಳನ್ನು ದೇವನೂರ ಮಹಾದೇವ ಅವರ ‘ಒಡಲಾಳ’ಕ್ಕೆ, ಸಾಕವ್ವ ಎಂಬ ದಲಿತ ಮುದುಕಿಯ ಮನೆಯ ಕತೆ ಹೇಳುವ ಕಿರುಕಾದಂಬರಿಗೆ, ಬಿಟ್ಟುಕೊಟ್ಟಿದ್ದೇನೆ. ವೈವಿಧ್ಯದ ಬಗ್ಗೆ ನೋಟ್ಸ್ ಬರೆಸಿದರೆ ಅಂಕ ಬರುತ್ತದೆ, ನಿಜ. ಎದುರಿಗೆ ಕುಳಿತ ಮಗು ಎಂಥ ಮನೆಯಿಂದ ಎದ್ದು ಬಂದಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಲೇಖಕರ ಪರಿಚಯ, ದಲಿತ ಸಾಹಿತ್ಯದ ಹಿನ್ನೆಲೆ ಯಾವುದನ್ನೂ ಮೊದಲು ಹೇಳುವುದಿಲ್ಲ. ನೇರವಾಗಿ ಗಟ್ಟಿಯಾಗಿ ಓದಿಸುತ್ತೇನೆ. ಪುಸ್ತಕದ ಕನ್ನಡವೊಂದೇ ಕನ್ನಡ ಎಂದುಕೊಂಡವರು ಸಾಲುಸಾಲಿಗೂ ಎಡವುತ್ತಾರೆ. ಅದುವರೆಗೆ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕುಳಿತಿದ್ದ ಚಾಮರಾಜನಗರ ಕಡೆಯ ಹುಡುಗಿ ಓದತೊಡಗಿದರೆ ತರಗತಿ ಕಿವಿ ನಿಮಿರಿಸುತ್ತದೆ. ಮನೆಮಾತನ್ನೆಲ್ಲ ‘ತಪ್ಪು’ ಎಂದು ಕೆಂಪು ಶಾಯಿಯಲ್ಲಿ ಸುತ್ತುವ ಮೇಷ್ಟ್ರುಗಳ ಚಟದ ಬಗ್ಗೆ ಆಮೇಲೆ ನಾನು ಹೆಚ್ಚು ಹೇಳಬೇಕಾಗುವುದಿಲ್ಲ.

ಕಡಲೆಕಾಯಿಯ ರಾತ್ರಿಗೆ ಬಂದಾಗ ನಿಲ್ಲಿಸುತ್ತೇನೆ. ಕದ್ದು ತಂದ ಕಡಲೆಕಾಯಿಯನ್ನು ಸಾಕವ್ವನ ಮನೆಯವರೆಲ್ಲ ಸುತ್ತ ಕುಳಿತು ತಿಂದು ಮುಗಿಸುತ್ತಾರೆ. ಹಿಂದೆಯೇ ಪೊಲೀಸರು ಬರುತ್ತಾರೆ. ಹಾಳೆಯಲ್ಲಿ ಎರಡು ಅಂಕಣ ಎಳೆಯಿರಿ ಎನ್ನುತ್ತೇನೆ: ಒಂದರಲ್ಲಿ ಪುಟದಲ್ಲಿ ಇರುವುದು, ಇನ್ನೊಂದರಲ್ಲಿ ನಾವು ಸೇರಿಸಿಕೊಂಡದ್ದು. ‘ಮಕ್ಕಳಿಗೆ ಕಳ್ಳತನ ಕಲಿಸುವ ಮನೆ’ ಎಂದು ಒಬ್ಬರು, ‘ಪಾಪ, ಹಸಿದವರು’ ಎಂದು ಇನ್ನೊಬ್ಬರು. ಎರಡೂ ಯಾವ ಅಂಕಣಕ್ಕೆ ಸೇರುತ್ತವೆ ಎಂದು ಚರ್ಚೆ ಹತ್ತಿಕೊಳ್ಳುತ್ತದೆ. ನನಗೆ ‘ಪಾಪ’ ಎನ್ನುವವರೇ ಹೆಚ್ಚು ಕಷ್ಟ. ತಿರಸ್ಕಾರದ ಜೊತೆ ಜಗಳವಾಡಬಹುದು; ಕನಿಕರ ತನ್ನನ್ನೇ ಒಳ್ಳೆಯತನವೆಂದು ನಂಬಿ ಕುಳಿತಿರುತ್ತದೆ. ಆ ರಾತ್ರಿಯಲ್ಲಿ ಹಸಿವಿನ ಜೊತೆಗೆ ಸಡಗರವೂ ಇದೆ, ಆ ಮನೆಯ ಗೋಡೆಯ ಮೇಲೆ ಪುಟ್ಟಗೌರಿ ಬಿಡಿಸಿದ ನವಿಲೂ ಇದೆ. ಕನಿಕರದ ಕಣ್ಣಿಗೆ ಈ ಎರಡೂ ಬೀಳುವುದಿಲ್ಲ.

ಆಮೇಲೆ ಬರವಣಿಗೆ. ಅದೇ ರಾತ್ರಿಯನ್ನು ಒಮ್ಮೆ ಪೊಲೀಸ್ ಮಹಜರಿನಂತೆ, ಒಮ್ಮೆ ಆ ಮನೆಯ ಮಗುವಿನ ಬಾಯಲ್ಲಿ ಬರೆಯಬೇಕು. ಮಹಜರು ಸರಾಗವಾಗಿ ಬರುತ್ತದೆ. ಮಗುವಿನ ಮಾತಿಗೆ ಪೆನ್ನು ನಿಲ್ಲುತ್ತದೆ. ಮರುದಿನ ಆ ಮಗು ನಿಮ್ಮ ತರಗತಿಯಲ್ಲಿ ತೂಕಡಿಸಿದರೆ ಏನು ಕೇಳುತ್ತೀರಿ, ಎಲ್ಲರೆದುರು ಕೇಳುತ್ತೀರೋ, ಒಬ್ಬನನ್ನೇ ಕರೆದು ಕೇಳುತ್ತೀರೋ ಎಂಬ ಪ್ರಶ್ನೆಗೆ ಉತ್ತರ ಬರೆಯಲು ಅರ್ಧ ಗಂಟೆಯೂ ಸಾಲದು.

ಒಂದು ಸಮುದಾಯಕ್ಕೆ ಒಂದೇ ಕೃತಿ ಸಾಲದು ಎಂಬುದು ನನ್ನ ಹಠ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮಾತ್ರ ಓದಿಸಿದರೆ ಮುಸ್ಲಿಮರ ಮನೆಯೆಂದರೆ ತಲಾಖ್ ಎಂದಷ್ಟೇ ಉಳಿಯುತ್ತದೆ. ಹಾಗಾಗಿ ಬೊಳುವಾರು ಮಹಮದ್ ಕುಂಞಿ ಅವರ, ಮುತ್ತುಪ್ಪಾಡಿ ಎಂಬ ಊರಿನ ಕತೆಗಳನ್ನೂ ಜೊತೆಗಿಡುತ್ತೇನೆ. ಇನ್ನೊಂದು ಎಚ್ಚರ: ‘ನಿಮ್ಮಲ್ಲಿ ಹೀಗೇನಾ?’ ಎಂದು ಆಯಾ ಸಮುದಾಯದ ಪ್ರಶಿಕ್ಷಣಾರ್ಥಿಯನ್ನು ಕೇಳಲು ಯಾರಿಗೂ ಬಿಡುವುದಿಲ್ಲ. ತಾವಾಗಿ ಹೇಳಿದರೆ ಕೇಳಿಸಿಕೊಳ್ಳುತ್ತೇವೆ, ಅಷ್ಟೆ.

ಇಂಟರ್ನ್‌ಶಿಪ್ ಮುಗಿಸಿ ಬಂದವರ ಪ್ರಕರಣ ಅಧ್ಯಯನಗಳಲ್ಲಿ ‘ಪೋಷಕರ ನಿರ್ಲಕ್ಷ್ಯ’ ಎಂಬ ಸಿದ್ಧವಾಕ್ಯ ಈಗಲೂ ಕಾಣಿಸಿಕೊಳ್ಳುತ್ತದೆ. ಅದು ಎರಡರಲ್ಲಿ ಯಾವ ಅಂಕಣದ್ದು ಎಂದು ಬದಿಯಲ್ಲಿ ಬರೆದು ವಾಪಸು ಕೊಡುತ್ತೇನೆ. ನನ್ನಿಂದಾಗಿ ರೆಕಾರ್ಡ್‌ಗಳು ತಡವಾಗುತ್ತವೆ ಎಂದು ಸಹೋದ್ಯೋಗಿಗಳು ಗೊಣಗುವುದುಂಟು.