ದೇವರ ಹೆಸರು ನಮ್ಮ ಬಾಯಲ್ಲಿ, ನಮ್ಮ ತಕ್ಕಡಿಯಲ್ಲಿ

ಕರ್ತನ ಪ್ರಾರ್ಥನೆಯಲ್ಲಿ ನಾವು ಮೊದಲು ಬೇಡಿಕೊಳ್ಳುವುದು ಏನನ್ನ? ಅನ್ನವನ್ನಲ್ಲ, ಕ್ಷಮೆಯನ್ನೂ ಅಲ್ಲ. ತಂದೆಯ ಹೆಸರು ಪರಿಶುದ್ಧವಾಗಿರಲಿ ಅಂತ. ಮತ್ತಾಯ 6:9 ತೆಗೆದು ನೋಡಿ, ಯೇಸು ಸ್ವಾಮಿ ಹೇಳಿಕೊಟ್ಟ ಕ್ರಮವೇ ಅದು. ಹತ್ತು ಆಜ್ಞೆಗಳಲ್ಲೂ ಇದು ಮುಂದೆಯೇ ಇದೆ. ಕಥೋಲಿಕರ ಎಣಿಕೆಯಲ್ಲಿ ಎರಡನೆಯದು, ಸಿಎಸ್‌ಐಯಂಥ (ಚರ್ಚ್ ಆಫ್ ಸೌತ್ ಇಂಡಿಯಾ) ಪ್ರೊಟೆಸ್ಟಂಟ್ ಸಭೆಗಳ ಎಣಿಕೆಯಲ್ಲಿ ಮೂರನೆಯದು. ಮಾತು ಒಂದೇ: ದೇವರ ಹೆಸರನ್ನು ಸುಮ್ಮಸುಮ್ಮನೆ ಎತ್ತಬಾರದು. ಭಾನುವಾರ ಚರ್ಚಿನೊಳಗೆ ಇದನ್ನು ಪಾಲಿಸುವುದು ಕಷ್ಟವಲ್ಲ. ಸೋಮವಾರದಿಂದ ಶನಿವಾರದವರೆಗೆ ತೋಟದಲ್ಲಿ, ಅಡಿಕೆ ಮಂಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಅಡುಗೆಮನೆಯಲ್ಲಿ ಹೇಗೆ ಪಾಲಿಸುವುದು ಅನ್ನುವುದೇ ಪ್ರಶ್ನೆ.

ಬಾಯಿಂದಲೇ ಶುರು ಮಾಡೋಣ. "ದೇವರಾಣೆಗೂ ಇಷ್ಟಕ್ಕೇ ತಂದಿದ್ದು" ಅಂತ ಸಂತೆಯಲ್ಲಿ, "ದೇವರಾಣೆ ನಾನು ತಗೊಂಡಿಲ್ಲ" ಅಂತ ಮಕ್ಕಳ ಜಗಳದಲ್ಲಿ, ದಿನಕ್ಕೆ ಎಷ್ಟು ಸಲ ಬರುತ್ತದೆ ಅಂತ ಸುಮ್ನೆ ಗಮನಿಸಿ. ಮತ್ತಾಯ 5:34ರಿಂದ 37ರವರೆಗೆ ಯೇಸು ಹೇಳುವುದು ನೇರವಾಗಿದೆ: ಆಣೆಯೇ ಇಡಬೇಡಿ, ಹೌದಾದರೆ ಹೌದು, ಇಲ್ಲವಾದರೆ ಇಲ್ಲ ಅನ್ನಿ. ಇದನ್ನು ಮನೆಯಲ್ಲಿ ಜಾರಿಗೆ ತರುವ ದಾರಿ ಅಂದರೆ, ಮಕ್ಕಳು ಆಣೆ ಇಟ್ಟಾಗ ಬೈಯದೆ, "ಆಣೆ ಬೇಡ ಮಗಾ, ನೀನು ಹೇಳಿದರೆ ಸಾಕು, ನಂಬ್ತೀನಿ" ಅನ್ನುವುದು. ಹಾಗೆ ಹೇಳಿದ ಮೇಲೆ ನಿಜವಾಗಿ ನಂಬಬೇಕು ಕೂಡ. ನಂಬಿಕೆ ಸಿಗದ ಮನೆಯಲ್ಲಿ ಮಕ್ಕಳು ಆಣೆ ಇಡದೆ ಇನ್ನೇನು ಮಾಡುತ್ತಾರೆ? ವ್ಯಾಪಾರದಲ್ಲಿ ಎದುರಿನವರು "ಆಣೆ ಮಾಡಿ ಹೇಳಿ" ಅಂದರೆ, "ನಾವು ಆಣೆ ಇಡುವುದಿಲ್ಲ, ಬೇಕಿದ್ದರೆ ಚೀಟಿ ತೋರಿಸ್ತೀನಿ" ಅಂದುಬಿಡಿ. ಕೋರ್ಟಿನ ಸಾಕ್ಷಿಕಟ್ಟೆಯ ಮಾತು ಬೇರೆ. ಬಹಳಷ್ಟು ಸಭೆಗಳು ಅಲ್ಲಿ ಪ್ರಮಾಣ ಮಾಡಲು ಅಡ್ಡಿ ಹೇಳುವುದಿಲ್ಲ. ಮನಸ್ಸು ಒಪ್ಪದವರಿಗೆ ದೇವರ ಹೆಸರು ಎತ್ತದೆ ಸತ್ಯನಿಷ್ಠೆಯ ಹೇಳಿಕೆ ಕೊಡುವ ಅವಕಾಶ 1969ರ ಪ್ರಮಾಣಗಳ ಕಾಯ್ದೆಯಲ್ಲೇ ಇದೆ.

ಈ ವಿಷಯದಲ್ಲಿ ಅಕ್ಕಪಕ್ಕದವರಿಂದಲೂ ಕಲಿಯುವುದಿದೆ. ಸಾಗರ, ಹೊಸನಗರದ ಕಡೆ ಎಷ್ಟೋ ತೋಟ, ಗದ್ದೆಗಳಿಗೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಅಂತ ಬೋರ್ಡು ಹಾಕಿರುತ್ತಾರೆ. ಆ ಹೆಸರು ನೋಡಿಯೇ ಕೈ ಹಿಂದೆ ತೆಗೆಯುವವರಿದ್ದಾರೆ. ನಮ್ಮ ನಂಬಿಕೆ ಬೇರೆ, ನಾವು ಪೂಜಿಸುವ ದೇವರು ಬೇರೆ, ಆದರೆ ಹೆಸರಿಗೆ ಇಷ್ಟು ಬೆಲೆ ಕೊಡುವ ಊರಲ್ಲಿ ಇದ್ದುಕೊಂಡು ನಾವು ನಮ್ಮ ಕರ್ತನ ಹೆಸರನ್ನು ಜೀಪಿನ ಗಾಜಿನ ಮೇಲೆ ದೊಡ್ಡದಾಗಿ ಬರೆಸಿ, ಅದೇ ಜೀಪಿನಲ್ಲಿ ಕುಡಿದು ಓಡಿಸಿದರೆ ನೋಡಿದವರು ಏನು ಅಂದುಕೊಳ್ಳಬೇಕು? ಸ್ಟಿಕರ್ ಅಂಟಿಸುವ ಮೊದಲು, ಈ ಗಾಡಿಯನ್ನು ಹೇಗೆ ಓಡಿಸುತ್ತೇನೆ ಅಂತ ಒಮ್ಮೆ ಕೇಳಿಕೊಳ್ಳಿ.

ಒಂದು ಭಯವನ್ನು ಮಾತ್ರ ಇಟ್ಟುಕೊಳ್ಳಬೇಡಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬಂದು ಗೊನೆಗಳೆಲ್ಲ ಉದುರಿದಾಗ, ಎಲೆಚುಕ್ಕಿ ರೋಗಕ್ಕೆ ತೋಟ ಒಣಗುವಾಗ, ಮಗು ಜ್ವರದಲ್ಲಿ ನರಳುವಾಗ, "ದೇವರೇ, ಯಾಕೆ ಹೀಗೆ ಮಾಡಿದೆ" ಅಂತ ಅತ್ತರೆ ಅದು ದೇವರ ಹೆಸರಿಗೆ ಅವಮಾನ ಅಲ್ಲ. ಕೀರ್ತನೆ 13 ಶುರುವಾಗುವುದೇ "ಎಷ್ಟರವರೆಗೆ" ಅನ್ನುವ ಗೋಳಿನಿಂದ. ಆತನನ್ನೇ ಕರೆದು, ಆತನಿಗೇ ಹೇಳುತ್ತಿದ್ದೀರಿ. ಅದು ಪ್ರಾರ್ಥನೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ. ಯಾಜಕಕಾಂಡ 19ನೇ ಅಧ್ಯಾಯ ತೆಗೆಯಿರಿ. 12ನೇ ವಚನದಲ್ಲಿ, ನನ್ನ ಹೆಸರೆತ್ತಿ ಸುಳ್ಳಾಣೆ ಇಡಬೇಡಿ, ಅದರಿಂದ ನಿಮ್ಮ ದೇವರ ಹೆಸರು ಕೆಡುತ್ತದೆ ಅಂತಿದೆ. ಅದರ ಬೆನ್ನಿಗೇ 13ನೇ ವಚನ: ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ. ಅದೇ ಅಧ್ಯಾಯದ ಕೊನೆಗೆ, 35 ಮತ್ತು 36ರಲ್ಲಿ, ಸರಿಯಾದ ತಕ್ಕಡಿ, ಸರಿಯಾದ ತೂಕದ ಕಲ್ಲು. ದೇವರ ಹೆಸರು, ಕೂಲಿ, ತಕ್ಕಡಿ ಎಲ್ಲ ಒಂದೇ ಅಧ್ಯಾಯದಲ್ಲಿ. ನಾವು ಒಂದನ್ನು ಭಕ್ತಿ ಅಂತಲೂ ಉಳಿದವನ್ನು ವ್ಯವಹಾರ ಅಂತಲೂ ಬೇರೆ ಮಾಡಿಕೊಂಡಿದ್ದೇವೆ.

ಹಾಗಾಗಿ ಅಡಿಕೆ ಕೊನೆ (ಗೊನೆ) ಕೊಯ್ಲಿನ ಕಾಲ ಬಂದಾಗ ಇದನ್ನು ಹೀಗೆ ಮಾಡಿ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರರ ಜೊತೆ, ಅಡಿಕೆ ಸುಲಿಯಲು ಬರುವ ಹೆಂಗಸರ ಜೊತೆ ದರವನ್ನು ಕೆಲಸಕ್ಕೆ ಮೊದಲೇ ಬಾಯಿಬಿಟ್ಟು ಮಾತಾಡಿ. ಸುಲಿದ ಅಡಿಕೆಯನ್ನು ಅವರ ಕಣ್ಣೆದುರೇ ತೂಗಿ, ಅವರ ಹೆಸರಿನ ಮುಂದೆ ಪುಸ್ತಕದಲ್ಲಿ ಬರೆಯಿರಿ, ಬರೆದದ್ದನ್ನು ಓದಿ ಹೇಳಿ. ದಿನಗೂಲಿಯನ್ನು ಆ ದಿನವೇ ಕೊಡಿ, ವಾರದ ಲೆಕ್ಕ ಅಂತ ಇಬ್ಬರೂ ಒಪ್ಪಿದ್ದರೆ ಹೇಳಿದ ದಿನ ತಪ್ಪಿಸಬೇಡಿ. "ಅಡಿಕೆ ಮಾರಿದ ಮೇಲೆ ಕೊಡ್ತೀನಿ" ಅನ್ನುವ ಮಾತು ನಿಮಗೆ ಸಹಜವಾಗಿ ಕೇಳಿಸಬಹುದು. ಆದರೆ ಧರ್ಮೋಪದೇಶಕಾಂಡ 24:15ರ ಪ್ರಕಾರ ಆ ಬಡವರು ನಿಮ್ಮ ಮೇಲೆ ದೇವರಿಗೆ ಮೊರೆಯಿಡುತ್ತಾರೆ, ದೇವರು ಕೇಳಿಸಿಕೊಳ್ಳುತ್ತಾರೆ. ನೀವು ಪ್ರಾರ್ಥನೆಯಲ್ಲಿ ಕರೆಯುವ ಅದೇ ದೇವರು! ಮಾರುವಾಗಲೂ ಅಷ್ಟೇ. ಒಳ್ಳೆಯ ದರ್ಜೆಯ ರಾಶಿ ಅಡಿಕೆ ಮೂಟೆಯ ತಳಕ್ಕೆ ಕಡಿಮೆ ದರ್ಜೆಯ ಗೊರಬಲು ಸೇರಿಸುವುದು, ಬಣ್ಣ ಹಾಕಿ ಹಳೆಯದನ್ನು ಹೊಸದು ಅನ್ನುವುದು, ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟ ತೋಟದಲ್ಲಿ ಕದ್ದು ನಾಲ್ಕು ಗೊನೆ ಇಳಿಸುವುದು. ಇವು ಬೇಡ. ಮಂಡಿಯವರು ಎಷ್ಟೇ ಮೋಸ ಮಾಡಲಿ, ಅದು ನಿಮ್ಮ ಮೋಸಕ್ಕೆ ಲೈಸೆನ್ಸ್ ಆಗುವುದಿಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಈ ಮಲೆನಾಡಿನಲ್ಲಿ ನಾವು ಕ್ರೈಸ್ತರು ಬಹಳ ಜನ ಇಲ್ಲ. ಕೊಂಕಣಿ ಮಾತಾಡುವವರಿದ್ದಾರೆ, ಕೇರಳದಿಂದ ಬಂದು ನೆಲೆಸಿದವರಿದ್ದಾರೆ, ಕಾಫಿ ಎಸ್ಟೇಟಿನ ಲೈನ್ ಮನೆಗಳಲ್ಲಿ ಬೆಳೆದ ತಮಿಳು ಮನೆಯವರಿದ್ದಾರೆ, ಕನ್ನಡದವರಿದ್ದಾರೆ. ಶಿವಮೊಗ್ಗ ಕಥೋಲಿಕ ಧರ್ಮಕ್ಷೇತ್ರ (ಬಿಷಪ್ಪರ ಆಡಳಿತ ಪ್ರದೇಶ) ಆದದ್ದು 1988ರಲ್ಲಿ, ಕೇರಳ ಮೂಲದ ಕಥೋಲಿಕರ ಸಿರೋ ಮಲಬಾರ್ ಸಭೆಯ ಭದ್ರಾವತಿ ಧರ್ಮಕ್ಷೇತ್ರ 2007ರಲ್ಲಿ, ಸಿಎಸ್‌ಐ ಸಭೆಗಳು ಬೇರೆ. ನಮಗೆ ಈ ಭೇದಗಳೆಲ್ಲ ಗೊತ್ತು. ಪಕ್ಕದ ತೋಟದವರಿಗೆ ನಾವೆಲ್ಲ ಬರೀ "ಚರ್ಚಿನವರು". ಒಬ್ಬರು ಕೂಲಿ ಬಾಕಿ ಇಟ್ಟರೆ ಆ ಮಾತು ಎಲ್ಲ ಚರ್ಚಿಗೂ ಹತ್ತುತ್ತದೆ, ಕೊನೆಗೆ ಕರ್ತನ ಹೆಸರಿಗೇ ಹತ್ತುತ್ತದೆ. ಯೆಹೆಜ್ಕೇಲ 36ರಲ್ಲಿ ದೇವರು ನೊಂದುಕೊಳ್ಳುವುದು ಇದಕ್ಕೇ. ಆತನ ಜನ ಹೋದ ಕಡೆಯೆಲ್ಲ ಅವರಿಂದಾಗಿ ಆತನ ಹೆಸರು ಕೆಟ್ಟಿತು. ಪೌಲನೂ ರೋಮಾದವರಿಗೆ ಬರೆದ ಪತ್ರದ 2:24ರಲ್ಲಿ ಅದನ್ನೇ ನೆನಪಿಸುತ್ತಾನೆ.

ಇನ್ನು "ಯೇಸುವಿನ ನಾಮದಲ್ಲಿ" ಅನ್ನುವ ಮಾತು. ಇದು ಹೇಳಿದ ಕೂಡಲೇ ಕೆಲಸ ಆಗುವ ಮಂತ್ರ ಅಲ್ಲ. ಅಪೊಸ್ತಲರ ಕೃತ್ಯಗಳು 19ರಲ್ಲಿ ಯೆಹೂದ್ಯ ಯಾಜಕ ಸ್ಕೇವನ ಏಳು ಮಂದಿ ಮಕ್ಕಳು ಯೇಸುವನ್ನು ಅರಿಯದೆ ಆ ಹೆಸರನ್ನು ದೆವ್ವ ಬಿಡಿಸಲು ಬಳಸಿ, ಪೆಟ್ಟು ತಿಂದು ಬಟ್ಟೆಯಿಲ್ಲದೆ ಓಡಿದರು. ಪ್ರಾರ್ಥನೆಯ ಕೊನೆಗೆ ಆ ಹೆಸರು ಹೇಳುವ ಮೊದಲು, ನಾನು ಕೇಳಿದ್ದು ಯೇಸು ಸಹಿ ಹಾಕುವಂಥದ್ದೇ ಅಂತ ಒಂದು ಕ್ಷಣ ನಿಂತು ನೋಡಿ. ದಾಯಾದಿ ಹಾಳಾಗಲಿ ಅನ್ನುವ ಪ್ರಾರ್ಥನೆಗೆ ಆ ಹೆಸರು ಸೇರಿಸಬೇಡಿ. "ದೇವರು ನನಗೆ ತೋರಿಸಿದರು, ಈ ಸಂಬಂಧ ನೀವು ಒಪ್ಪಲೇಬೇಕು" ಅಂತ ಹೆಣ್ಣು ಕೇಳಲು ಹೋಗಬೇಡಿ. ನಿಮ್ಮ ಆಸೆ ನಿಮ್ಮದು ಅಂತಲೇ ಹೇಳಿ, ಹುಡುಗಿಗೆ ಬೇಡ ಅನ್ನಲು ಜಾಗ ಇರಲಿ. ಹತ್ತು ಜನಕ್ಕೆ ಕಳಿಸಿದರೆ ಆಶೀರ್ವಾದ, ಕಳಿಸದಿದ್ದರೆ ಶಾಪ ಅನ್ನುವ ವಾಟ್ಸಾಪ್ ಮೆಸೇಜ್ ಬಂದರೆ ಅಳಿಸಿಬಿಡಿ. ಏನೂ ಆಗುವುದಿಲ್ಲ.

ಬೇರೆಯವರ ದೇವರುಗಳ ಬಗ್ಗೆ ಹಗುರವಾಗಿ ಮಾತಾಡುವುದು ನಮ್ಮ ದೇವರ ಗೌರವ ಅಂದುಕೊಂಡವರೂ ಇದ್ದಾರೆ. ಅದು ತಪ್ಪು. ಎಫೆಸದಲ್ಲಿ ದೊಡ್ಡ ಗಲಾಟೆ ಆದಾಗ ಪಟ್ಟಣದ ಅಧಿಕಾರಿಯೇ ಎದ್ದು ನಿಂತು, ಇವರು ನಮ್ಮ ದೇವಿಯನ್ನು ದೂಷಿಸಿದವರಲ್ಲ ಅಂತ ಪೌಲನ ಸಂಗಡಿಗರ ಪರ ಹೇಳಿದ (ಅಪೊಸ್ತಲರ ಕೃತ್ಯಗಳು 19:37). ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಆಗುವಾಗ ಪಕ್ಕದ ಮನೆಯವರು ನಿಮ್ಮ ಬಗ್ಗೆಯೂ ಅಂಥ ಮಾತು ಹೇಳುವ ಹಾಗಿರಬೇಕು. ಪೂಜೆಯಲ್ಲಿ ಸೇರದೆ ಇರಬಹುದು. ಅದನ್ನು ಮೆತ್ತಗೆ, ಗೌರವದಿಂದ ಹೇಳಬಹುದು. ಗೇಲಿ ಮಾಡುವ ಅಗತ್ಯ ಇಲ್ಲ, ಅಲ್ವಾ?

ಮನೆಯ ಪ್ರಾರ್ಥನೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಿಕ್ಕದಾಗಿರಲಿ, ನಿಧಾನವಾಗಿರಲಿ, ಟಿವಿ ಆರಿಸಿರಲಿ. ಆಷಾಢದ ಮಳೆಗೆ ಕರೆಂಟ್ ಹೋದ ಸಂಜೆ ಇದಕ್ಕೆ ಒಳ್ಳೆಯ ಸಮಯ. ಜಪಮಾಲೆಯಾಗಲಿ, ಕೀರ್ತನೆಯಾಗಲಿ, ಓಡಿಸಿಕೊಂಡು ಹೋಗಬೇಡಿ. ಪ್ರಾರ್ಥನೆ ಮುಗಿದ ಮೇಲೆ ಹೆಂಡತಿಯನ್ನು, ಸೊಸೆಯನ್ನು, ಕೆಲಸದವರನ್ನು ಬೈಯುವ ಬಾಯಿ ಬೇರೆ ಅಂದುಕೊಳ್ಳಬೇಡಿ. ಅದೇ ನಾಲಿಗೆಯಿಂದ ದೇವರನ್ನು ಕೊಂಡಾಡಿ, ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯರನ್ನು ಶಪಿಸುತ್ತೇವಲ್ಲ ಅಂತ ಯಾಕೋಬ 3:9ರಲ್ಲಿದೆ. ಜಾತಿ ಹಿಡಿದು ಬೈಯುವುದೂ ಇದರಲ್ಲೇ ಬಂತು. ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂತು, ಮನೆಯಲ್ಲಿ ಬೇರೆ ಲೋಟ ಇಟ್ಟಿದ್ದರೆ ಆ ಲೋಟವನ್ನು ಇವತ್ತೇ ತೆಗೆಯಿರಿ.

ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರೆ, ಶನಿವಾರ ಸಂಜೆಯಿಂದ. ಲೆಕ್ಕದ ಪುಸ್ತಕ ತೆಗೆದು ಯಾರಿಗೆ ಎಷ್ಟು ಬಾಕಿ ಇದೆ ನೋಡಿ. ಕೂಲಿ, ಅಂಗಡಿ ಸಾಲ, ವಾಪಸ್ ಕೊಡದ ಕತ್ತಿ, ದೋಟಿ ಏನಿದ್ದರೂ ಸರಿ. ಕೊಡಲು ಆಗುವುದನ್ನು ಆ ಸಂಜೆಯೇ ನೀವೇ ಹೋಗಿ ಕೊಟ್ಟು ಬನ್ನಿ, ಹುಡುಗರ ಕೈಲಿ ಕಳಿಸಬೇಡಿ. ಆಗದಿದ್ದರೆ ಅವರ ಮನೆಗೇ ಹೋಗಿ ಯಾವಾಗ ಕೊಡುತ್ತೀರಿ ಅಂತ ದಿನ ಹೇಳಿ, ಆಣೆ ಇಡದೆ. ಯಾರ ಮೇಲಾದರೂ ಮುನಿಸಿದ್ದರೆ ಅವರನ್ನೂ ಮಾತಾಡಿಸಿ ಬನ್ನಿ. ಕಾಣಿಕೆಯನ್ನು ವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತ ಮತ್ತಾಯ 5:24ರಲ್ಲಿ ಇರುವುದು ಇದೇ. ಭಾನುವಾರ ಕಾಣಿಕೆ ಕವರ್‌ಗೆ ಹಾಕುವ ದುಡ್ಡನ್ನು ಆಮೇಲೆ ಎಣಿಸಿ.